ಲ್ಯಾಮಿನೇಟ್ ನೆಲಕ್ಕೆ ಸರಿಯಾದ ಅಡಿಹಾಸನ್ನು ಆರಿಸುವುದು ಹೇಗೆ?

ಲ್ಯಾಮಿನೇಟ್ ಹಲಗೆಗಳ ಬಣ್ಣ ಮತ್ತು ವಿನ್ಯಾಸದ ಬಗ್ಗೆ ದಿನಗಟ್ಟಲೆ ಯೋಚಿಸುವವರೂ ಅವುಗಳ ಕೆಳಗೆ ಹಾಸುವ ಅಂಡರ್‌ಲೇ, ಅಂದರೆ ಅಡಿಹಾಸಿನ ವಿಷಯದಲ್ಲಿ ಸಿಕ್ಕಿದ್ದನ್ನು ಕೊಂಡು ಮುಗಿಸುವುದುಂಟು. ಆಮೇಲೆ ಅದನ್ನು ಬದಲಿಸಬೇಕಾದರೆ ಹಾಸಿದ ಹಲಗೆಗಳನ್ನೆಲ್ಲ ಬಿಚ್ಚಬೇಕಾಗುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲೇ ನೆಲವನ್ನು ಪರೀಕ್ಷಿಸಿಕೊಳ್ಳಿ.

ಆರಂಭದಲ್ಲಿ ಹಲಗೆಯ ಹಿಂಬದಿಯನ್ನು ನೋಡಿ. ಅಲ್ಲಿ ಫೋಮ್ ಪದರವನ್ನು ಅಂಟಿಸಿಯೇ ಕೊಟ್ಟಿದ್ದರೆ, ತಯಾರಕರು ಸ್ಪಷ್ಟವಾಗಿ ಸೂಚಿಸದ ಹೊರತು ಇನ್ನೊಂದು ಅಡಿಹಾಸು ಬೇಡ.

ನಂತರ ತೇವವನ್ನು ಪರೀಕ್ಷಿಸಿ. ಲ್ಯಾಮಿನೇಟ್ ಹಲಗೆಯ ಒಡಲು ಒತ್ತಿ ಮಾಡಿದ ಮರದ ನಾರಾಗಿರುವುದರಿಂದ ಅದು ನೀರಾವಿಯನ್ನು ಹೀರಿ ಉಬ್ಬುತ್ತದೆ. ಒಮ್ಮೆ ಎದ್ದ ಅಂಚು ಒಣಗಿದ ಮೇಲೂ ಸಾಮಾನ್ಯವಾಗಿ ಮೊದಲಿನಂತಾಗುವುದಿಲ್ಲ. ಸುಮಾರು ಅರ್ಧ ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಕಾಂಕ್ರೀಟ್ ನೆಲಕ್ಕೆ ಟೇಪಿನಿಂದ ಅಂಟಿಸಿ, ಒಂದು ದಿನ ಬಿಟ್ಟು ತೆಗೆದಾಗ ಹನಿಗಳು ಕಂಡರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ನೆಲವಿನ್ನೂ ಒಣಗಿಲ್ಲವೆಂದು ತಿಳಿದು ಕೆಲಸವನ್ನು ಮುಂದೂಡಬೇಕು. ಒಣಗಿದಂತೆ ಕಂಡ ಕಾಂಕ್ರೀಟಿನ ಮೇಲೂ 0.2 ಮಿ.ಮೀ. ದಪ್ಪದ ಪಾಲಿಥೀನ್ ಹಾಳೆಯನ್ನು, ಅಂಚುಗಳು ಒಂದರ ಮೇಲೊಂದು 20 ಸೆಂ.ಮೀ.ನಷ್ಟು ಬರುವಂತೆ ಹಾಸಿ ಟೇಪ್ ಹಚ್ಚಿ. ಅಡಿಹಾಸಿನಲ್ಲೇ ತೇವತಡೆ ಸೇರಿದ್ದರೆ ಈ ಹಾಳೆ ಬೇಕಿಲ್ಲ. ಕೆಳಗಿರುವುದು ಮರದ ನೆಲವಾದರೆ ಮಾತ್ರ ಪ್ಲಾಸ್ಟಿಕ್ ಹಾಳೆ ಬೇಡ, ಏಕೆಂದರೆ ಅದರಡಿ ಸಿಕ್ಕಿಬಿದ್ದ ತೇವದಿಂದ ಮರ ಕೊಳೆಯಬಹುದು.

ಬಳಿಕ 2 ಮೀಟರ್ ಉದ್ದದ ನೇರಪಟ್ಟಿಯನ್ನು ನೆಲದ ಮೇಲಿಟ್ಟು ನೋಡಿ. ಅದರಡಿ 3 ಮಿ.ಮೀ.ಗಿಂತ ಹೆಚ್ಚಿನ ಸಂದು ಕಂಡರೆ ಮೊದಲು ನೆಲವನ್ನು ಮಟ್ಟ ಮಾಡಿಸಿ. ತಗ್ಗು ತುಂಬುವುದು ಅಡಿಹಾಸಿನ ಕೆಲಸವಲ್ಲ. ದಪ್ಪವಾದಷ್ಟೂ ಒಳ್ಳೆಯದೆಂಬ ನಂಬಿಕೆಯೇ ಇಲ್ಲಿ ಹೆಚ್ಚು ಹಾನಿ ಮಾಡುತ್ತದೆ. ಮೆತ್ತನೆಯ ಪದರದ ಮೇಲೆ ಪ್ರತಿ ಹೆಜ್ಜೆಗೂ ಹಲಗೆ ಬಾಗಿ, ಒಂದಕ್ಕೊಂದು ಕಚ್ಚಿಕೊಂಡಿರುವ ಅಂಚುಗಳ ತೆಳು ಜೋಡಣೆಗಳು ಸಡಿಲವಾಗಿ ಕೊನೆಗೆ ಮುರಿಯುತ್ತವೆ. ಸಾಮಾನ್ಯವಾಗಿ 2ರಿಂದ 3 ಮಿ.ಮೀ. ಸಾಕು. ದಪ್ಪಕ್ಕಿಂತ ಮುಖ್ಯವಾದದ್ದು ಒತ್ತಡವನ್ನು ತಾಳುವ ಶಕ್ತಿ. ಪೊಟ್ಟಣದ ಮೇಲೆ ಕಿಲೋಪ್ಯಾಸ್ಕಲ್‌ಗಳಲ್ಲಿ ನಮೂದಿಸಿರುವ ಆ ಅಂಕಿ ಕನಿಷ್ಠ 10 ಇರಬೇಕು, ಓಡಾಟವೂ ಭಾರವೂ ಹೆಚ್ಚಿರುವ ಕೋಣೆಗೆ 60 ಅಥವಾ ಅದಕ್ಕೂ ಮೇಲಿದ್ದರೆ ಲೇಸು.

ಸಾದಾ ಪಾಲಿಥೀನ್ ಫೋಮ್ ಅಗ್ಗವಾದರೂ ಬೇಗ ಚಪ್ಪಟೆಯಾಗುವುದರಿಂದ, ಅದು ವಿರಳವಾಗಿ ಬಳಸುವ ಕೋಣೆಗಷ್ಟೇ ತಕ್ಕದ್ದು. ಕೆಳಮನೆಯವರಿಗೆ ಹೆಜ್ಜೆಸಪ್ಪಳ ಕೇಳಬಾರದೆಂದಾದರೆ ದಟ್ಟವಾದ ರಬ್ಬರ್ ಅಥವಾ ಕಾರ್ಕ್ ಪದರಕ್ಕೆ ಹೆಚ್ಚು ಖರ್ಚು ಮಾಡುವುದು ನ್ಯಾಯವೇ. ಕೋಣೆಯನ್ನು ಬೆಚ್ಚಗಿಡಲು ನೆಲದಡಿ ಬಿಸಿ ಕೊಳವೆಗಳಿದ್ದರೆ ಲೆಕ್ಕ ಬೇರೆಯಾಗುತ್ತದೆ: ಕಾರ್ಕ್ ಶಾಖವನ್ನು ತಡೆಯುತ್ತದೆ. ಹಲಗೆ ಮತ್ತು ಅಡಿಹಾಸು ಎರಡರ ಒಟ್ಟು ಶಾಖನಿರೋಧ 0.15 ಚದರ ಮೀಟರ್ ಕೆಲ್ವಿನ್ ಪ್ರತಿ ವ್ಯಾಟ್ ಮೀರದಂತೆ ಆರಿಸಿಕೊಳ್ಳಬೇಕು.

ಹಾಸುವಾಗ ಅಡಿಹಾಸಿನ ಪಟ್ಟಿಗಳನ್ನು ಅಂಚಿಗೆ ಅಂಚು ತಾಗಿಸಿ ಕೂರಿಸಿ; ಮೇಲೇರಿದ ಅಂಚು ಹಲಗೆಯಡಿ ದಿಣ್ಣೆಯಾಗುತ್ತದೆ.