ಪಾಲ್ ಅಲೆನ್ ಅವರಂಥ ತಂತ್ರಜ್ಞಾನ ಕುಬೇರರ ಜೀವನಚಿತ್ರ ಬರೆಯುವುದು ಹೇಗೆ?

ಮೈಕ್ರೋಸಾಫ್ಟ್‌ನ ಇಬ್ಬರು ಸಂಸ್ಥಾಪಕರಲ್ಲಿ ಒಬ್ಬರಾದ ಪಾಲ್ ಅಲೆನ್ ಅವರ ಪರಿಚಯ ಲೇಖನ ಬರೆಯಲು ಕುಳಿತವರು ಮೊದಲು ಒಂದು ಹಾಳೆಯಲ್ಲಿ ಇಸವಿಗಳನ್ನಷ್ಟೇ ಸಾಲಾಗಿ ಗುರುತು ಮಾಡಿಕೊಳ್ಳಬೇಕು. 1953ರ ಜನವರಿ 21ರಂದು ಸಿಯಾಟಲ್‌ನಲ್ಲಿ ಜನನ, 1975ರಲ್ಲಿ ಆಲ್ಬುಕರ್ಕಿಯಲ್ಲಿ ಕಂಪನಿಯ ಸ್ಥಾಪನೆ, 1983ರಲ್ಲಿ ಅಲ್ಲಿಂದ ನಿರ್ಗಮನ, 1988ರಲ್ಲಿ ಮೊದಲ ಕ್ರೀಡಾ ತಂಡದ ಖರೀದಿ, 2003ರಲ್ಲಿ ಮಿದುಳು ಸಂಶೋಧನಾ ಸಂಸ್ಥೆ, 2018ರ ಅಕ್ಟೋಬರ್ 15ರಂದು ನಿಧನ. ಹೀಗೆ ಬರೆದುಕೊಂಡರೆ ಅವರು ಕಂಪನಿಯಲ್ಲಿ ದುಡಿದದ್ದು ಎಂಟೇ ವರ್ಷ, ಆನಂತರದ 35 ವರ್ಷಗಳು ಕಳೆದದ್ದು ಹಣದ ವಿನಿಯೋಗದಲ್ಲಿ ಎಂಬುದು ಕಣ್ಣಿಗೆ ಹೊಡೆದು ಕಾಣುತ್ತದೆ. ಲೇಖನದ ಅರ್ಧಕ್ಕಿಂತ ಹೆಚ್ಚು ಜಾಗ ಈ ಎರಡನೆಯ ಭಾಗಕ್ಕೆ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಆರಂಭದ ವರ್ಷಗಳ ಬಗ್ಗೆ ಬರೆಯುವಾಗ ‘ಪ್ರತಿಭಾವಂತ’, ‘ದಾರ್ಶನಿಕ’ ಎಂಬ ವಿಶೇಷಣಗಳನ್ನು ಬಿಟ್ಟು, ಅವರು ಮಾಡಿದ ಕೆಲಸವನ್ನೇ ಹೇಳುವುದು ಒಳ್ಳೆಯದು. ಲೇಕ್‌ಸೈಡ್ ಶಾಲೆಯಲ್ಲಿ ತಮಗಿಂತ ಕಿರಿಯರಾದ ಬಿಲ್ ಗೇಟ್ಸ್ ಅವರ ಪರಿಚಯವಾದದ್ದು, ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಓದನ್ನು ಅರ್ಧಕ್ಕೆ ಬಿಟ್ಟದ್ದು ಒಂದೆರಡು ವಾಕ್ಯಗಳಲ್ಲಿ ಮುಗಿಯಬಹುದು. ಆಲ್ಟೇರ್ 8800 ಎಂಬ ಪುಟ್ಟ ಕಂಪ್ಯೂಟರಿಗೆ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಅಳವಡಿಸಿದ ಪ್ರಸಂಗವನ್ನು ಮಾತ್ರ ವಿಸ್ತರಿಸಿ ಬರೆಯಬೇಕು. ಆ ಯಂತ್ರ ಅಲೆನ್, ಗೇಟ್ಸ್ ಇಬ್ಬರ ಬಳಿಯೂ ಇರಲಿಲ್ಲ. ಅದರ ಇಂಟೆಲ್ 8080 ಚಿಪ್ಪಿನಂತೆಯೇ ವರ್ತಿಸುವ ಅನುಕರಣ ತಂತ್ರಾಂಶವನ್ನು ಅಲೆನ್ ದೊಡ್ಡ ಕಂಪ್ಯೂಟರೊಂದರಲ್ಲಿ ಸಿದ್ಧಪಡಿಸಿದರು, ಅದರ ಮೇಲೆಯೇ ಬೇಸಿಕ್ ರೂಪುಗೊಂಡಿತು. ಇಷ್ಟನ್ನು ತಿಳಿಯಾಗಿ ಬರೆದರೆ ಅವರ ಜಾಣ್ಮೆಯನ್ನು ಬೇರೆಯಾಗಿ ಹೊಗಳುವ ಅಗತ್ಯ ಬೀಳುವುದಿಲ್ಲ.

ಸಂಪತ್ತು ಬಂದ ಬಗೆಯನ್ನು ಹೇಳುವಾಗ ಕಾಲಕ್ರಮ ತಪ್ಪಬಾರದು. ಅವರು ಕಂಪನಿಯ ಕೆಲಸ ಬಿಟ್ಟರೂ ಷೇರುಗಳನ್ನು ಬಿಡಲಿಲ್ಲ, 2000ದವರೆಗೆ ಆಡಳಿತ ಮಂಡಳಿಯಲ್ಲಿಯೂ ಇದ್ದರು. ಮೈಕ್ರೋಸಾಫ್ಟ್ ಷೇರು ಮಾರುಕಟ್ಟೆಗೆ ಬಂದದ್ದು 1986ರ ಮಾರ್ಚಿನಲ್ಲಿ. ಅಂದರೆ ಅವರನ್ನು ಕುಬೇರರನ್ನಾಗಿಸಿದ್ದು ಕೈಬಿಡದೆ ಉಳಿಸಿಕೊಂಡ ಪಾಲು. ಅದೇ ಹಣವನ್ನು ಹೂಡಿದಲ್ಲೆಲ್ಲ ಲಾಭವೂ ಬರಲಿಲ್ಲ: 1998ರಲ್ಲಿ ನಿಯಂತ್ರಣಕ್ಕೆ ತೆಗೆದುಕೊಂಡ ಚಾರ್ಟರ್ ಕಮ್ಯುನಿಕೇಷನ್ಸ್ ಎಂಬ ಕೇಬಲ್ ಕಂಪನಿ 2009ರಲ್ಲಿ ದಿವಾಳಿ ಅರ್ಜಿ ಹಾಕಿದಾಗ ಅವರು ನೂರಾರು ಕೋಟಿ ಡಾಲರ್ ಕಳೆದುಕೊಂಡರು. ಸೋಲನ್ನು ಬಿಟ್ಟುಬಿಟ್ಟ ಜೀವನಚಿತ್ರ ಜಾಹೀರಾತಾಗುತ್ತದೆ.

ಮೊತ್ತಗಳ ವಿಷಯದಲ್ಲಿ ಒಂದು ಪದ್ಧತಿಯನ್ನು ಕೊನೆಯವರೆಗೂ ಪಾಲಿಸಬೇಕು. ಹತ್ತು ಲಕ್ಷ ಸೇರಿದರೆ ಒಂದು ಮಿಲಿಯನ್, ನೂರು ಕೋಟಿ ಸೇರಿದರೆ ಒಂದು ಬಿಲಿಯನ್; ಓದುಗರಿಗೆ ಕೋಟಿಯ ಲೆಕ್ಕವೇ ಸಲೀಸು. ಆದರೆ 1988ರ ಡಾಲರನ್ನು ಇಂದಿನ ವಿನಿಮಯ ದರದಲ್ಲಿ ರೂಪಾಯಿಗೆ ತಿರುಗಿಸುವ ಗೋಜಿಗೆ ಹೋಗಬಾರದು. ಅಲ್ಲಿ ಸಿಗುವ ಅಂಕಿ ಯಾವ ಕಾಲಕ್ಕೂ ಸೇರದ್ದು.

ಕ್ರೀಡಾ ತಂಡಗಳ ಭಾಗಕ್ಕೆ ಹೆಚ್ಚಿನ ಶ್ರಮ ಬೇಕು, ಏಕೆಂದರೆ ಐಪಿಎಲ್ ಮೂಲಕವಷ್ಟೇ ತಂಡದ ಮಾಲೀಕತ್ವವನ್ನು ಬಲ್ಲ ಓದುಗರಿಗೆ ಅಮೆರಿಕದ ವ್ಯವಸ್ಥೆ ಸುಲಭವಾಗಿ ಅರ್ಥವಾಗುವುದಿಲ್ಲ. ಪೋರ್ಟ್‌ಲ್ಯಾಂಡ್ ಟ್ರೇಲ್ ಬ್ಲೇಜರ್ಸ್ ಎಂಬ ಬ್ಯಾಸ್ಕೆಟ್‌ಬಾಲ್ ತಂಡವನ್ನು ಅಲೆನ್ 1988ರಲ್ಲಿ ಏಳು ಕೋಟಿ ಡಾಲರಿಗೆ ಕೊಂಡರು; ತಂಡ 1990 ಮತ್ತು 1992ರಲ್ಲಿ ಎನ್‌ಬಿಎ ಎಂಬ ವೃತ್ತಿಪರ ಲೀಗಿನ ಅಂತಿಮ ಸರಣಿಗೆ ಹೋಗಿ ಎರಡೂ ಸಲ ಸೋತಿತು. ಇದಕ್ಕಿಂತ ಸಿಯಾಟಲ್ ಸೀಹಾಕ್ಸ್ ಎಂಬ ಫುಟ್‌ಬಾಲ್ ತಂಡದ ಕಥೆ ಹೆಚ್ಚು ಬೋಧಪ್ರದ. (ಇಲ್ಲಿ ಫುಟ್‌ಬಾಲ್ ಎಂದರೆ ನಾವು ಆಡುವ ಕಾಲ್ಚೆಂಡಲ್ಲ, ಹೆಲ್ಮೆಟ್ ತೊಟ್ಟು ಆಡುವ ಅಮೆರಿಕನ್ ಆಟ ಎಂದು ಒಮ್ಮೆ ಹೇಳಿಬಿಡಬೇಕು.) ಅಮೆರಿಕದಲ್ಲಿ ಮಾಲೀಕರು ತಂಡವನ್ನೇ ಬೇರೆ ಊರಿಗೆ ಎತ್ತಿಕೊಂಡು ಹೋಗಬಹುದು; ಆಗಿನ ಮಾಲೀಕರು ಸೀಹಾಕ್ಸನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ಯಲು ಹೊರಟಿದ್ದರು. ಹೊಸ ಕ್ರೀಡಾಂಗಣವಾದರೆ ಮಾತ್ರ ಕೊಳ್ಳುವುದಾಗಿ ಅಲೆನ್ ಷರತ್ತು ಹಾಕಿದರು, 1997ರ ಜೂನ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಮತದಾರರು ಅಲ್ಪ ಬಹುಮತದಿಂದ ಅದನ್ನು ಒಪ್ಪಿದರು, ಆ ವಿಶೇಷ ಮತದಾನದ ಖರ್ಚನ್ನು ಅಲೆನ್ ತಾವೇ ಭರಿಸಿದರು. ಕ್ರೀಡಾಂಗಣಕ್ಕೆ ಸಾರ್ವಜನಿಕ ಪಾಲಿನ ಮಿತಿ 30 ಕೋಟಿ ಡಾಲರ್ ಎಂದು ನಿಗದಿಯಾಗಿತ್ತು. ‘ಊರಿನ ತಂಡವನ್ನು ಉಳಿಸಿದರು’ ಎಂಬ ಮಾತು ಸುಳ್ಳಲ್ಲ. ಆದರೆ ಈ 30 ಕೋಟಿಯೂ ಅದೇ ಪುಟದಲ್ಲಿ ಇರಬೇಕು. 2014ರ ಫೆಬ್ರವರಿಯಲ್ಲಿ ಡೆನ್ವರ್ ಬ್ರಾಂಕೋಸ್ ತಂಡವನ್ನು 43–8ರಿಂದ ಮಣಿಸಿ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯ ಗೆದ್ದ ಸಂಭ್ರಮ ಆಮೇಲೆ ಬರಲಿ.

ದಾನದ ಬಗ್ಗೆ ಬರೆಯುವಾಗ ಕೊಡುವುದಾಗಿ ಘೋಷಿಸಿದ್ದು, ವಾಸ್ತವವಾಗಿ ಕೊಟ್ಟದ್ದು, ಕೊಟ್ಟದ್ದರಿಂದ ಆದದ್ದು ಇವು ಮೂರೂ ಕಲಸುಮೇಲೋಗರವಾಗದಂತೆ ಎಚ್ಚರ ವಹಿಸಬೇಕು. ಸಂಪತ್ತಿನ ಬಹುಪಾಲನ್ನು ಕೊಡುವುದಾಗಿ 2010ರಲ್ಲಿ ಅವರು ಹೇಳಿದ್ದು ಘೋಷಣೆ. ಬದುಕಿದ್ದಾಗ ಕೊಟ್ಟ ಮೊತ್ತ 200 ಕೋಟಿ ಡಾಲರ್ ದಾಟಿತ್ತು ಎಂಬುದು ಲೆಕ್ಕ. 2003ರಲ್ಲಿ ಹತ್ತು ಕೋಟಿ ಡಾಲರ್ ಕೊಟ್ಟು ಆರಂಭಿಸಿದ ಮಿದುಳು ಸಂಶೋಧನಾ ಸಂಸ್ಥೆಯು ಇಲಿಯ ಮಿದುಳಿನಲ್ಲಿ ಯಾವ ಜೀನ್ ಎಲ್ಲಿ ಕ್ರಿಯಾಶೀಲ ಎಂಬ ನಕ್ಷೆಯನ್ನು 2006ರಲ್ಲಿ ಪೂರ್ಣಗೊಳಿಸಿ ಜಗತ್ತಿನ ಎಲ್ಲ ಸಂಶೋಧಕರಿಗೂ ಉಚಿತವಾಗಿ ತೆರೆದಿಟ್ಟದ್ದು ಫಲ. ಆಫ್ರಿಕಾದ 18 ದೇಶಗಳಲ್ಲಿ ವಿಮಾನದಿಂದ ನಡೆಸಿ 2016ರಲ್ಲಿ ಪ್ರಕಟಿಸಿದ ಆನೆ ಗಣತಿಯೂ ಇಂಥದೇ; ಸುಮಾರು 3,52,000 ಹುಲ್ಲುಗಾವಲು ಆನೆಗಳು ಎಂಬ ಸಂಖ್ಯೆ ಸಿಕ್ಕಿದ್ದು ಅವರ ಹಣದಿಂದ. ವಿಹಾರ ನೌಕೆಗಳ ವರ್ಣನೆಗೆ ಒಂದು ವಾಕ್ಯ ಸಾಕು, ಅದೂ ಅವರ ತಂಡ 2015ರಲ್ಲಿ ಮುಸಾಶಿ, 2017ರಲ್ಲಿ ಇಂಡಿಯಾನಾಪೊಲಿಸ್ ಯುದ್ಧನೌಕೆಗಳ ಅವಶೇಷಗಳನ್ನು ಸಮುದ್ರದಾಳದಲ್ಲಿ ಪತ್ತೆ ಮಾಡಿದ ಸಂದರ್ಭದಲ್ಲಿ.

ಅವರ ಕಾಯಿಲೆಗಳ ಬಗ್ಗೆ ಬರೆಯುವವರು ಎರಡನ್ನು ಒಂದಾಗಿಸುವುದುಂಟು. 1982ರಲ್ಲಿ ಪತ್ತೆಯಾಗಿ ವಾಸಿಯಾದದ್ದು ಹಾಡ್ಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರ್. 2009ರಲ್ಲಿ ಚಿಕಿತ್ಸೆ ಪಡೆದು, 2018ರಲ್ಲಿ ಮರುಕಳಿಸಿ ಪ್ರಾಣ ತೆಗೆದದ್ದು ನಾನ್-ಹಾಡ್ಜ್‌ಕಿನ್ ಲಿಂಫೋಮಾ ಎಂಬ ಬೇರೆಯ ಕ್ಯಾನ್ಸರ್. ಮೊದಲ ಕಾಯಿಲೆಯ ದಿನಗಳಲ್ಲಿ ಗೇಟ್ಸ್ ಮತ್ತು ಕಂಪನಿಯ ಅಧಿಕಾರಿ ಸ್ಟೀವ್ ಬಾಲ್ಮರ್ ಅಲೆನ್ ಅವರ ಪಾಲನ್ನು ಕುಗ್ಗಿಸುವ ಮಾತಾಡಿದ್ದು ತಮ್ಮ ಕಿವಿಗೆ ಬಿತ್ತೆಂದು ಅಲೆನ್ 2011ರ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹಲವು ಘಟನೆಗಳ ಬಗ್ಗೆ ತಮ್ಮ ನೆನಪು ಬೇರೆ ಇರಬಹುದೆಂದು ಗೇಟ್ಸ್ ಪ್ರತಿಕ್ರಿಯಿಸಿದ್ದರು. ಇಂಥ ಕಡೆ ‘ಅಲೆನ್ ಬರೆದಂತೆ’ ಎಂಬ ಎರಡು ಪದಗಳನ್ನು ಸೇರಿಸಿ, ಗೇಟ್ಸ್ ಮಾತನ್ನೂ ಪಕ್ಕದಲ್ಲೇ ಕೊಡಬೇಕು.

ನಿಧನದ ದಿನಾಂಕಕ್ಕೆ ಲೇಖನವನ್ನು ನಿಲ್ಲಿಸಲಾಗದು. ಅಲೆನ್ ಅವಿವಾಹಿತರಾಗಿದ್ದರು, ಆಸ್ತಿಯ ಹೊಣೆ ತಂಗಿ ಜೋಡಿ ಅಲೆನ್ ಅವರ ಮೇಲೆ ಬಿತ್ತು. 2022ರ ನವೆಂಬರಿನಲ್ಲಿ ಪಾಲ್ ಅಲೆನ್ ಅವರ ಕಲಾಸಂಗ್ರಹವನ್ನು ಕ್ರಿಸ್ಟೀಸ್ ಸಂಸ್ಥೆ ಹರಾಜು ಹಾಕಿದಾಗ 160 ಕೋಟಿ ಡಾಲರಿಗೂ ಹೆಚ್ಚು ಹಣ ಬಂದಿತು, ಅದು ದಾನಕಾರ್ಯಕ್ಕೆ ಮೀಸಲಾಯಿತು. ತಂಡಗಳ ಒಡೆತನ ಮಾತ್ರ ಬದಲಾಗುತ್ತಲೇ ಇರುವ ಸಂಗತಿಯಾದ್ದರಿಂದ, ‘ಈಗಿನ ಮಾಲೀಕರು’ ಎಂದು ಬರೆಯುವ ಬದಲು ಮಾಹಿತಿ ಯಾವ ತಿಂಗಳು, ಯಾವ ಇಸವಿಯದು ಎಂಬುದನ್ನು ಅದೇ ವಾಕ್ಯದಲ್ಲಿ ನಮೂದಿಸಬೇಕು.