‘ಡೆಲಿವರ್ಡ್’ ಮೆಸೇಜ್ ಸಾಲದು: ಪುರಾವೆ ಕೊಡುವ ಪಾರ್ಸೆಲ್ ಸರ್ವಿಸ್ ಆರಿಸುವುದು ಹೇಗೆ?

ಕಳೆದ ಶ್ರಾವಣದಲ್ಲಿ ನನ್ನ ತಂಗಿ 4,200 ರೂಪಾಯಿಯ ಇಳಕಲ್ ಸೀರೆಯೊಂದನ್ನು ಕೊರಿಯರ್ ಮಾಡಿದಳು. ನಾಲ್ಕನೇ ದಿನ ‘ಡೆಲಿವರ್ಡ್’ ಅಂತ ಮೆಸೇಜ್ ಬಂತು. ಮರುದಿನ ಗ್ರಾಹಕಿ ಫೋನ್ ಮಾಡಿ, ‘ಸೀರೆ ಇನ್ನೂ ಬಂದಿಲ್ವಲ್ಲ’ ಅಂದರು. ಕೊರಿಯರ್ ಆಫೀಸಿಗೆ ಹೋಗಿ ಪಟ್ಟು ಹಿಡಿದು ಕೂತ ಮೇಲೆ ಪಿಒಡಿ, ಅಂದರೆ ತಲುಪಿಸಿದ ಚೀಟಿ, ತೋರಿಸಿದರು. ಸಹಿ ಮಾಡುವ ಜಾಗದಲ್ಲಿ ಒಂದು ಅಡ್ಡಗೀಟು. ತೆಗೆದುಕೊಂಡವರ ಹೆಸರಿಲ್ಲ, ಫೋನ್ ನಂಬರಿಲ್ಲ, ಸಮಯವೂ ಇಲ್ಲ. ತಂಗಿ ಗ್ರಾಹಕಿಗೆ ಹಣ ವಾಪಸ್ ಕೊಟ್ಟಳು. ಸೀರೆ ಎಲ್ಲಿ ಹೋಯಿತೋ ಇವತ್ತಿಗೂ ಗೊತ್ತಿಲ್ಲ.

ವಾಟ್ಸಾಪ್, ಇನ್‌ಸ್ಟಾಗ್ರಾಂನಲ್ಲಿ ಮಾರುವವರು ಕೌಂಟರಿನಲ್ಲಿ ಕೇಳುವುದು ಒಂದೇ ಪ್ರಶ್ನೆ: ‘ಕೆಜಿಗೆ ಎಷ್ಟು?’ ಅದನ್ನು ಕೊನೆಗೆ ಕೇಳಿ.

ಮೊದಲು ನಿಮ್ಮ ಹಳೆಯ ಆರ್ಡರ್‌ಗಳ ಪಿನ್‌ಕೋಡ್ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಸರ್ವಿಸ್‌ನವರ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಅಲ್ಲಿ ‘ಸರ್ವಿಸ್ ಇದೆ’ ಅಂತ ತೋರಿಸಿದರೂ ‘ಮನೆ ಬಾಗಿಲಿಗೆ ಕೊಡ್ತೀರಾ?’ ಅಂತ ಕೇಳಲೇಬೇಕು. ಎಷ್ಟೋ ಹಳ್ಳಿಗಳಿಗೆ ಕೊರಿಯರ್‌ನವರು ಹೋಗುವುದಿಲ್ಲ, ‘ಬಸ್‌ಸ್ಟ್ಯಾಂಡಿಗೆ ಬಂದು ತಗೊಳ್ಳಿ’ ಅಂತ ಫೋನ್ ಮಾಡುತ್ತಾರೆ. ಹಳ್ಳಿ ಆರ್ಡರ್ ಜಾಸ್ತಿ ಇದ್ದರೆ ಅಂಚೆಯೇ ಸರಿ. ದೇಶದಲ್ಲಿ 1 ಲಕ್ಷ 60 ಸಾವಿರಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ.

ಇನ್ನು ಪುರಾವೆಯ ವಿಷಯ. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ.

ಟ್ರ್ಯಾಕಿಂಗ್‌ನಲ್ಲಿ ಕಾಣುವ ‘ಡೆಲಿವರ್ಡ್’ ಡೆಲಿವರಿ ಹುಡುಗ ತನ್ನ ಮೊಬೈಲಿನಲ್ಲಿ ಒತ್ತಿದ ಒಂದು ಬಟನ್ ಅಷ್ಟೇ. ಪಾರ್ಸೆಲ್ ಯಾರ ಕೈ ಸೇರಿತು ಅಂತ ಅದು ಹೇಳುವುದಿಲ್ಲ. ಸಹಿ ಇದ್ದರೆ ಅದಕ್ಕಿಂತ ವಾಸಿ, ಆದರೆ ಪಕ್ಕದಲ್ಲಿ ಹೆಸರು ಮತ್ತು ಫೋನ್ ನಂಬರ್ ಬೇಕು. ಅಪಾರ್ಟ್‌ಮೆಂಟಿನಲ್ಲಿ ಸಹಿ ಹಾಕುವವರು ಸೆಕ್ಯೂರಿಟಿಯವರೇ ಜಾಸ್ತಿ. ಫೋಟೊದಲ್ಲಿ ಪಾರ್ಸೆಲ್ ಮೇಲಿನ ಲೇಬಲ್ ಮತ್ತು ಮನೆಯ ಬಾಗಿಲು ಎರಡೂ ಕಾಣಬೇಕು. ಬರೀ ನೆಲದ ಮೇಲೆ ಡಬ್ಬಿ ಇಟ್ಟ ಫೋಟೊ ಯಾವ ಊರಿನದ್ದೂ ಆಗಬಹುದು.

ನನ್ನ ಮಟ್ಟಿಗೆ ಒಟಿಪಿಯೇ ಗಟ್ಟಿ. ಗ್ರಾಹಕರ ಮೊಬೈಲಿಗೆ ಬಂದ ನಂಬರ್ ಹೇಳಿದರೆ ಮಾತ್ರ ಪಾರ್ಸೆಲ್ ‘ತಲುಪಿತು’ ಅಂತ ದಾಖಲಾಗುತ್ತದೆ. ಆದರೆ ಇದರಲ್ಲೂ ತೂತುಗಳಿವೆ. ಲೇಬಲ್ ಮೇಲೆ ಆತುರದಲ್ಲಿ ನಿಮ್ಮದೇ ನಂಬರ್ ಬರೆದರೆ ಒಟಿಪಿ ನಿಮಗೇ ಬರುತ್ತದೆ. ಬೆಂಗಳೂರಿನ ಮಗಳು ಶಿರಸಿಯ ಅಮ್ಮನಿಗೆ ಅಂತ ನಿಮ್ಮಲ್ಲಿ ಸೀರೆ ಆರ್ಡರ್ ಮಾಡಿದರೆ ಒಟಿಪಿ ಮಗಳ ಫೋನಿಗೆ, ಸೀರೆ ಅಮ್ಮನ ಮನೆಗೆ. ಅಂಥ ಕಡೆ ಪಾರ್ಸೆಲ್ ಪಡೆಯುವವರ ನಂಬರನ್ನೇ ಕೇಳಿ ಬರೆಯಿರಿ. ಇನ್ನು ಕೆಲವರು ಫೋನ್ ಮಾಡಿ ‘ಒಟಿಪಿ ಹೇಳಿ, ಸಂಜೆ ತಂದುಕೊಡ್ತೀನಿ’ ಅನ್ನುತ್ತಾರೆ. ಅದಕ್ಕೇ ತಂಗಿ ಈಗ ಬುಕ್ ಮಾಡಿದ ತಕ್ಷಣ ಗ್ರಾಹಕರಿಗೆ ಕಳಿಸುವ ಮೆಸೇಜ್ ಹೀಗಿದೆ: ‘ಅಕ್ಕಾ, ಪಾರ್ಸೆಲ್ ಕೈಗೆ ಬಂದ ಮೇಲೆಯೇ ಒಟಿಪಿ ಹೇಳಿ. ಫೋನಿನಲ್ಲಿ ಯಾರಿಗೂ ಹೇಳಬೇಡಿ.’

ಅಂಚೆಯ ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದರು. ಈಗ ಸ್ಪೀಡ್ ಪೋಸ್ಟ್‌ನಲ್ಲಿ ಮೇಲೆ 5 ರೂಪಾಯಿ ಮತ್ತು ಜಿಎಸ್‌ಟಿ ಕೊಟ್ಟರೆ ನೋಂದಣಿ ಸಿಗುತ್ತದೆ, ವಿಳಾಸದಾರರಿಗೇ ತಲುಪಿಸುತ್ತಾರೆ. ಒಟಿಪಿ ಬೇಕೆಂದರೆ ಇನ್ನೊಂದು 5 ರೂಪಾಯಿ ಮತ್ತು ಜಿಎಸ್‌ಟಿ. ಕೌಂಟರಿನಲ್ಲಿ ನೀವೇ ಬಾಯಿಬಿಟ್ಟು ಕೇಳಬೇಕು. ಹತ್ತು ರೂಪಾಯಿ ಚಿಲ್ಲರೆಗೆ ನಾಲ್ಕು ಸಾವಿರದ ಸೀರೆ ಕಾಪಾಡಬಹುದು ಅಂದರೆ ನಾನಂತೂ ಯೋಚನೆ ಮಾಡುವುದಿಲ್ಲ.

ಖಾಸಗಿ ಸರ್ವಿಸ್ ಆದರೆ ಮೂರು ವಿಷಯ ಕೇಳಿ. ಪಿಒಡಿ ನನಗೆ ಹೇಗೆ ಸಿಗುತ್ತದೆ? ಎಷ್ಟು ದಿನ ಇಟ್ಟಿರುತ್ತೀರಿ? ತಕರಾರು ಇದ್ದರೆ ಎಷ್ಟು ದಿನದೊಳಗೆ ಹೇಳಬೇಕು? ‘ಅದೆಲ್ಲಾ ಆಮೇಲೆ ನೋಡೋಣ ಮೇಡಂ’ ಅಂದರೆ ಅಲ್ಲಿಂದ ಎದ್ದು ಬನ್ನಿ. ಹಲವು ಕೊರಿಯರ್‌ಗಳನ್ನು ಒಂದೇ ಕಡೆ ತೋರಿಸುವ ಆ್ಯಪ್‌ಗಳಲ್ಲಿ ಬುಕ್ ಮಾಡುವವರು, ಪಾರ್ಸೆಲ್ ಕಳೆದರೆ ಉತ್ತರ ಕೊಡುವವರು ಆ್ಯಪ್‌ನವರೋ ಕೊರಿಯರ್‌ನವರೋ ಅಂತ ಮೊದಲೇ ಬರಹದಲ್ಲಿ ತಿಳಿದುಕೊಳ್ಳಿ.

ಕೇಳಿದ್ದನ್ನು ನಂಬಿ ಸುಮ್ನಿರಬೇಡಿ, ಪರೀಕ್ಷೆ ಮಾಡಿ. ದೂರದ ಊರಿನ ಚಿಕ್ಕಮ್ಮನಿಗೆ ಒಂದು ಪ್ಯಾಕೆಟ್ ಚಟ್ನಿಪುಡಿ ಕಳಿಸಿ. ಒಟಿಪಿ ಕೇಳಿದರಾ, ಎಷ್ಟು ಹೊತ್ತಿಗೆ ಬಂದರು, ಡಬ್ಬಿ ಜಜ್ಜಿತ್ತಾ ಅಂತ ವಿಚಾರಿಸಿ. ಆಮೇಲೆ ಪಿಒಡಿ ಕೇಳಿ, ಸಿಗಲು ಎಷ್ಟು ದಿನ ಹಿಡಿಯಿತು ಅಂತ ನೋಡಿ. ಎರಡು ದಿನದೊಳಗೆ ಕೊಡದವರ ಜೊತೆ ವ್ಯಾಪಾರ ಬೇಡ.

ಈಗ ರೇಟ್. ತೂಕ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದ ಕೆಜಿ ನಿಜವಾದ ತೂಕಕ್ಕಿಂತ ಜಾಸ್ತಿ ಇದ್ದರೆ ಅದಕ್ಕೇ ಹಣ ತೆಗೆದುಕೊಳ್ಳುವ ಪದ್ಧತಿ ಬಹಳ ಕಡೆ ಇದೆ. 40, 30, 20ರ ಡಬ್ಬಿಯಲ್ಲಿ ಒಂದು ಕೆಜಿ ಚನ್ನಪಟ್ಟಣದ ಗೊಂಬೆ ಇಟ್ಟರೂ 4.8 ಕೆಜಿಯ ಹಣ ಕೊಡಬೇಕು. ಡಬ್ಬಿ ಚಿಕ್ಕದು ಮಾಡಿ. ರಸೀದಿಯ ಹಿಂದಿನ ಸಣ್ಣ ಅಕ್ಷರವನ್ನೂ ಓದಿ. ಕಳೆದರೆ ಇಷ್ಟೇ ಕೊಡುತ್ತೇವೆ ಅಂತ ಅಲ್ಲಿ ಬರೆದಿರುತ್ತದೆ. ಸರಕಿನ ಬೆಲೆ ಅದಕ್ಕಿಂತ ಜಾಸ್ತಿ ಇದ್ದರೆ ವಿಮೆ ಮಾಡಿಸಿ.

ಪ್ಯಾಕ್ ಮಾಡುವಾಗ ಒಂದು ವಿಡಿಯೊ ಮಾಡಿ. ವಸ್ತು, ಲೇಬಲ್, ತಕ್ಕಡಿಯ ತೂಕ ಮೂರೂ ಕಟ್ ಇಲ್ಲದೆ ಒಂದೇ ವಿಡಿಯೊದಲ್ಲಿ ಬರಲಿ. ಸಂತೆಯಲ್ಲಿ ಸಿಗುವ ತೆಳ್ಳನೆಯ ಸೆಲ್ಲೊ ಟೇಪ್ ಬೇಡ, ಮಳೆಗಾಲದ ತೇವಕ್ಕೆ ಬಿಟ್ಟುಕೊಳ್ಳುತ್ತದೆ. ಅಗಲದ ಕಂದು ಟೇಪ್ ಹಾಕಿ.

ರಸೀದಿ ಕೈಗೆ ಬಂದ ಕೂಡಲೇ ಕೌಂಟರಿನಲ್ಲೇ ಫೋಟೊ ತೆಗೆಯಿರಿ. ತಂಗಿಯ ಮನೆಯಲ್ಲಿ ಒಲೆ ಪಕ್ಕದ ಡ್ರಾಯರಿನಲ್ಲಿಟ್ಟಿದ್ದ ರಸೀದಿಗಳನ್ನು ಆರು ತಿಂಗಳ ಮೇಲೆ ತೆಗೆದು ನೋಡಿದರೆ, ಅರ್ಧಕ್ಕರ್ಧ ಖಾಲಿ ಬಿಳಿ ಚೀಟಿಗಳಾಗಿದ್ದವು. ಆ ನುಣುಪು ಕಾಗದದ ಅಕ್ಷರ ಬಿಸಿಗೆ ಅಳಿಸಿಹೋಗುತ್ತದೆ.

ಪಾರ್ಸೆಲ್ ತಲುಪಿದ ದಿನವೇ ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್ ತೆಗೆದು ಪಿಒಡಿ ತರಿಸಿಕೊಳ್ಳಿ. ಆರ್ಡರ್ ನಂಬರ್ ಹೆಸರಿನಲ್ಲಿ ಫೋಲ್ಡರ್ ಮಾಡಿ ವಿಡಿಯೊ, ರಸೀದಿ, ಪಿಒಡಿ ಎಲ್ಲಾ ಅದರಲ್ಲೇ ಇಡಿ. ತಕರಾರು ಬಂದರೆ ಫೋನಿನಲ್ಲಿ ಮಾತಾಡಿ ಬಿಡಬೇಡಿ, ಇಮೇಲ್ ಹಾಕಿ ದೂರಿನ ನಂಬರ್ ತಗೊಳ್ಳಿ. ಖಾಸಗಿ ಕೊರಿಯರ್‌ನವರು ಸತಾಯಿಸಿದರೆ ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕೇಳಬಹುದು. ಆಗ ಈ ಫೋಲ್ಡರ್ ನಿಮ್ಮ ಮುಂದಿರಲಿ.