ಮೇಲಿಂದ ಮೇಲೆ ಲೇಆಫ್ ನಡೆದ ಕಂಪನಿಯಲ್ಲಿ ಉಳಿದವರ ತಂಡವನ್ನು ನಡೆಸುವ ಬಗೆ

ಒಮ್ಮೆ ಲೇಆಫ್ (ಸಿಬ್ಬಂದಿ ಕಡಿತ) ಆದ ಕಂಪನಿಗೂ ವರ್ಷದೊಳಗೆ ಮೂರು ಸಲ ಲೇಆಫ್ ಆದ ಕಂಪನಿಗೂ ಬಹಳ ಅಂತರವಿದೆ. ಮೊದಲ ಸಲ ಜನ ನೊಂದುಕೊಳ್ಳುತ್ತಾರೆ, ಸಿಟ್ಟಾಗುತ್ತಾರೆ, ಆದರೂ "ಇಲ್ಲಿಗೆ ಮುಗಿಯಿತು" ಎಂದು ಮೇಲಿನವರು ಹೇಳಿದ್ದನ್ನು ನಂಬಿ ಕೆಲಸಕ್ಕೆ ಮರಳುತ್ತಾರೆ. ಎರಡನೆಯ ಸಲ ಆ ಮಾತು ಸುಳ್ಳಾಗುತ್ತದೆ. ಮೂರನೆಯ ಸಲದ ಹೊತ್ತಿಗೆ ಟೌನ್‌ಹಾಲ್‌ನಲ್ಲಿ, ಅಂದರೆ ಇಡೀ ಕಂಪನಿಯ ಸಭೆಯಲ್ಲಿ, ಯಾರು ಏನೇ ಹೇಳಿದರೂ ಅದನ್ನು ಕಿವಿಗೆ ಹಾಕಿಕೊಳ್ಳುವವರಿರುವುದಿಲ್ಲ. ಎಲ್ಲರ ಗಮನವೂ ಮುಂದಿನ ಪಟ್ಟಿ ಯಾವಾಗ ಬರುತ್ತದೆ ಎಂಬುದರ ಮೇಲೆಯೇ ಇರುತ್ತದೆ. ಈ ಬರಹ ಇರುವುದು ಬೆಂಗಳೂರಿನಂಥ ಊರುಗಳ ಸಾಫ್ಟ್‌ವೇರ್ ಕಂಪನಿಗಳಲ್ಲಿ ಟೀಮ್ ಲೀಡ್ ಅಥವಾ ಮ್ಯಾನೇಜರ್ ಆಗಿರುವವರಿಗಾಗಿ. ಲೇಆಫ್ ಮಾಡುವ ತೀರ್ಮಾನ ಅವರದಲ್ಲ, ಅದನ್ನು ತಡೆಯುವ ಅಧಿಕಾರವೂ ಅವರಿಗಿಲ್ಲ, ಆದರೆ ಮರುದಿನ ಬೆಳಿಗ್ಗೆ ಉಳಿದವರ ಎದುರು ನಿಲ್ಲಬೇಕಾದವರು ಅವರೇ.

ಇದು ಎಲ್ಲೋ ಒಂದೆರಡು ಕಡೆ ನಡೆದ ಸಂಗತಿಯಲ್ಲ. ಮೆಟಾ ಕಂಪನಿಯು 2022ರ ನವೆಂಬರ್‌ನಲ್ಲಿ ಸುಮಾರು 11,000 ಜನರನ್ನು ತೆಗೆಯಿತು; 2023ರ ಮಾರ್ಚ್‌ನಲ್ಲಿ ಇನ್ನೂ ಸುಮಾರು 10,000 ಹುದ್ದೆಗಳನ್ನು ಕಡಿತಗೊಳಿಸುವುದಾಗಿ ಹೇಳಿ, ಅದನ್ನು ವಿಭಾಗವಾರು ಹಂತಗಳಲ್ಲಿ ಮೇ ತಿಂಗಳವರೆಗೆ ನಡೆಸಿತು. ಅಮೆಜಾನ್ 2023ರ ಜನವರಿಯಲ್ಲಿ 18,000 ಎಂದಿತು, ಎರಡೇ ತಿಂಗಳಲ್ಲಿ ಇನ್ನೂ 9,000 ಸೇರಿಸಿತು. ಟಿಸಿಎಸ್ 2025ರ ಜುಲೈನಲ್ಲಿ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇಕಡಾ 2ರಷ್ಟು ಜನರನ್ನು, ಅಂದರೆ 12,000ಕ್ಕೂ ಹೆಚ್ಚು ಮಂದಿಯನ್ನು, ಮುಖ್ಯವಾಗಿ ಮಧ್ಯಮ ಮತ್ತು ಹಿರಿಯ ಹಂತಗಳಿಂದ ಕೈಬಿಡುವುದಾಗಿ ತಿಳಿಸಿತು. ಸುದ್ದಿಯಲ್ಲಿ ಬರುವುದು ಹೋದವರ ಸಂಖ್ಯೆ ಮಾತ್ರ. ಉಳಿದವರ ಪಾಡು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಮೊದಲ ಎರಡು ದಿನಗಳಲ್ಲಿ

ಹೊಸ ಸುತ್ತು ನಡೆದ ದಿನ ನಿಮ್ಮ ತಂಡದವರಿಗೆ ಅದು ತಿಳಿಯುವುದು ಸಾಮಾನ್ಯವಾಗಿ ನಿಮ್ಮಿಂದಲ್ಲ. ಚಾಟ್‌ನಲ್ಲಿ ಒಬ್ಬರ ಹೆಸರು ಮಸುಕಾಗಿರುತ್ತದೆ, ಕಳಿಸಿದ ಮೇಲ್ ವಾಪಸ್ ಬರುತ್ತದೆ, ದಿನದ ಕೆಲಸ ಹಂಚಿಕೊಳ್ಳುವ ಸ್ಟ್ಯಾಂಡ್‌ಅಪ್ ಕಾಲ್‌ಗೆ ಒಬ್ಬರು ಬರುವುದೇ ಇಲ್ಲ. ಎಚ್‌ಆರ್ ಹೆಸರಿನಲ್ಲಿ ವಿಷಯವೇ ಬರೆಯದ ಹದಿನೈದು ನಿಮಿಷದ ಮೀಟಿಂಗ್ ಕ್ಯಾಲೆಂಡರ್‌ನಲ್ಲಿ ಕಂಡರೆ ಸಾಕು, ಎದೆ ಧಸಕ್ಕೆನ್ನುತ್ತದೆ. ಆದ್ದರಿಂದ ನಿಮಗೆ ಅನುಮತಿ ಸಿಕ್ಕ ಗಳಿಗೆಯಲ್ಲೇ ತಂಡವನ್ನು ಸೇರಿಸಿ ಮೂರು ವಿಷಯಗಳನ್ನು ನೇರವಾಗಿ ಹೇಳಿ: ನಮ್ಮ ತಂಡದಿಂದ ಯಾರು ಹೋದರು, ಈ ಸುತ್ತಿನಲ್ಲಿ ನಮ್ಮ ತಂಡದ ಮಟ್ಟಿಗೆ ಇನ್ನೂ ಬಾಕಿ ಇದೆಯೇ, ಯಾವುದು ನನಗೆ ಗೊತ್ತಿಲ್ಲ. ಮೂರನೆಯದನ್ನು ಹೇಳಲು ಬಹಳ ಜನ ಹಿಂಜರಿಯುತ್ತಾರೆ. ಆದರೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಮ್ಯಾನೇಜರ್ ಗೊತ್ತಿದೆ ಎಂದು ಹೇಳಿದಾಗ ಜನ ನಂಬುತ್ತಾರೆ.

"ಇನ್ನು ಯಾರಿಗೂ ತೊಂದರೆಯಿಲ್ಲ, ನಿಶ್ಚಿಂತೆಯಿಂದಿರಿ" ಎಂಬ ಮಾತನ್ನು ಯಾವ ಕಾರಣಕ್ಕೂ ಆಡಬೇಡಿ. ಮೂಗಿಗೆ ತುಪ್ಪ ಸವರುವ ಈ ಭರವಸೆಯನ್ನು ನಂಬಿ ಒಬ್ಬರು ಹೊಸ ಮನೆಸಾಲಕ್ಕೆ ಸಹಿ ಹಾಕಬಹುದು, ಇನ್ನೊಬ್ಬರು ಕೈಯಲ್ಲಿದ್ದ ಬೇರೆ ಆಫರ್ ಬಿಟ್ಟುಬಿಡಬಹುದು. ನಿಮ್ಮ ಅಧಿಕಾರದಲ್ಲಿಲ್ಲದ ವಿಷಯದ ಬಗ್ಗೆ ಮಾತು ಕೊಡುವುದು ಅವರ ಬದುಕಿನ ಲೆಕ್ಕಾಚಾರವನ್ನೇ ತಪ್ಪಿಸುತ್ತದೆ. ಬದಲಿಗೆ ನೀವು ಖಂಡಿತವಾಗಿ ಮಾಡಬಲ್ಲ ಸಣ್ಣ ಸಂಗತಿಯೊಂದಕ್ಕೆ ಮಾತು ಕೊಡಿ. "ಪ್ರತಿ ಸೋಮವಾರ ಹತ್ತು ಗಂಟೆಗೆ ನನಗೆ ತಿಳಿದಿರುವಷ್ಟನ್ನು ಹೇಳುತ್ತೇನೆ, ಹೊಸತೇನೂ ಇಲ್ಲದಿದ್ದರೆ ಇಲ್ಲ ಎಂದೇ ಹೇಳುತ್ತೇನೆ" ಎಂದು ಹೇಳಿ, ಹೇಳಿದಂತೆ ನಡೆದುಕೊಳ್ಳಿ. ಗಾಳಿಮಾತಿನ ಅಬ್ಬರ ಇದರಿಂದ ಪೂರ್ತಿ ನಿಲ್ಲುವುದಿಲ್ಲ, ಆದರೆ ವಾರದ ಉಳಿದ ದಿನಗಳಲ್ಲಿ ಜನ ಒಂದಿಷ್ಟು ಕೆಲಸ ಮಾಡುವ ಸ್ಥಿತಿಗೆ ಬರುತ್ತಾರೆ.

ಜನ ಕಡಿಮೆಯಾದರೆ ಕೆಲಸವೂ ಕಡಿಮೆಯಾಗಬೇಕು

ಮೇಲಿಂದ ಮೇಲೆ ನಡೆಯುವ ಲೇಆಫ್‌ಗಳು ತಂಡವನ್ನು ಕೆಡಿಸುವುದು ಭಯದ ಮೂಲಕ ಎಷ್ಟೋ, ಹೊರೆಯ ಮೂಲಕವೂ ಅಷ್ಟೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರೊಡಕ್ಷನ್ ಸರ್ವರ್ ನೋಡಿಕೊಳ್ಳುವ ಆನ್-ಕಾಲ್ ಸರದಿಯನ್ನೇ ತೆಗೆದುಕೊಳ್ಳಿ. ಆರು ಜನರಿದ್ದಾಗ ಒಬ್ಬೊಬ್ಬರಿಗೆ ಆರು ವಾರಕ್ಕೊಮ್ಮೆ ರಾತ್ರಿ ಫೋನ್ ಹಿಡಿದು ಮಲಗುವ ವಾರ ಬರುತ್ತಿತ್ತು. ಮೊದಲ ಸುತ್ತಿನ ನಂತರ ಐವರು, ಎರಡನೆಯದರ ನಂತರ ಮೂವರು. ಈಗ ಅದೇ ವಾರ ತಿಂಗಳಲ್ಲಿ ಒಮ್ಮೆಯಾದರೂ ಬರುತ್ತದೆ, ಒಬ್ಬರು ರಜೆ ಹಾಕಿದರೆ ಎರಡು ವಾರಕ್ಕೊಮ್ಮೆ. ಅಲಾರಂಗಳ ಸಂಖ್ಯೆ ಮಾತ್ರ ಅಷ್ಟೇ ಇರುತ್ತದೆ, ಅಥವಾ ಹೆಚ್ಚುತ್ತದೆ, ಏಕೆಂದರೆ ಅವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ನೋಡಿದ ಕೂಡಲೇ ಹೇಳಬಲ್ಲವರೇ ಹೊರಟುಹೋಗಿರುತ್ತಾರೆ.

ಆದ್ದರಿಂದ ಮೊದಲ ವಾರದಲ್ಲೇ ತಂಡವು ಮಾಡುತ್ತಿರುವ ಎಲ್ಲ ಕೆಲಸಗಳ ಪಟ್ಟಿಯನ್ನು ತಂಡದೊಂದಿಗೇ ಕುಳಿತು ಬರೆಯಿರಿ. ಯಾರ ಹೆಸರಿನಲ್ಲೂ ಇಲ್ಲದ, ಆದರೆ ಯಾರೋ ಒಬ್ಬರು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಗಳನ್ನು ವಿಶೇಷವಾಗಿ ಹುಡುಕಿ. ತಿಂಗಳ ಕೊನೆಯಲ್ಲಿ ಪಾವತಿಗಳ ತಾಳೆ ನೋಡುವ ಸ್ಕ್ರಿಪ್ಟ್ ಅನ್ನು ಒಬ್ಬರೇ ತಮ್ಮ ಲ್ಯಾಪ್‌ಟಾಪ್‌ನಿಂದ ಓಡಿಸುತ್ತಿದ್ದರು ಎಂಬುದು ಬಹಳ ಸಲ ಗೊತ್ತಾಗುವುದು ಆ ತಿಂಗಳ ಲೆಕ್ಕ ತಪ್ಪಿದ ಮೇಲೆಯೇ. ಪಟ್ಟಿ ಸಿದ್ಧವಾದ ನಂತರ ಯಾವುದನ್ನು ನಿಲ್ಲಿಸುತ್ತೇವೆ, ಯಾವುದನ್ನು ಮುಂದೂಡುತ್ತೇವೆ, ಯಾವುದರ ಗುಣಮಟ್ಟ ಇಳಿಯುತ್ತದೆ ಎಂಬುದನ್ನು ಬರೆದು ನಿಮ್ಮ ಮೇಲಧಿಕಾರಿಗೆ ಮೇಲ್‌ನಲ್ಲಿ ಕಳಿಸಿ. ಬಾಯಿಮಾತಿನಲ್ಲಿ ಹೇಳಿದ್ದು ಮುಂದಿನ ಅಪ್ರೈಸಲ್ ಹೊತ್ತಿಗೆ ಯಾರ ನೆನಪಿನಲ್ಲೂ ಇರುವುದಿಲ್ಲ. "ಎಲ್ಲವನ್ನೂ ಹೇಗಾದರೂ ನಿಭಾಯಿಸಿ" ಎಂಬ ಉತ್ತರ ಬಂದರೆ, ಮೊದಲು ಮುಗಿಸಬೇಕಾದದ್ದು ಯಾವುದು ಎಂದು ಮತ್ತೆ ಲಿಖಿತವಾಗಿಯೇ ಕೇಳಿ. ತಂಡದ ಪರವಾಗಿ ಇಷ್ಟು ಗಟ್ಟಿತನ ತೋರಿಸುವುದು ನಿಮ್ಮ ಹುದ್ದೆಯ ಕರ್ತವ್ಯ.

ಹೋದವರನ್ನು ನಡೆಸಿಕೊಂಡ ರೀತಿಯನ್ನು ಉಳಿದವರು ನೋಡುತ್ತಿರುತ್ತಾರೆ

ಕೆಲಸ ಉಳಿಸಿಕೊಂಡವರ ಮನಸ್ಥಿತಿಯನ್ನು 1980ರ ದಶಕದಿಂದಲೂ ಅಧ್ಯಯನ ಮಾಡಿದ ಅಮೆರಿಕದ ವಿದ್ವಾಂಸ ಜೋಯಲ್ ಬ್ರಾಕ್ನರ್ ಒಂದು ಅಂಶಕ್ಕೆ ಒತ್ತು ಕೊಟ್ಟರು: ಉಳಿದವರ ನಿಷ್ಠೆ ನಿರ್ಧಾರವಾಗುವುದು ತಮ್ಮ ಕೆಲಸ ಉಳಿಯಿತೇ ಎಂಬುದರಿಂದ ಮಾತ್ರವಲ್ಲ, ಸಹೋದ್ಯೋಗಿಗಳನ್ನು ನ್ಯಾಯವಾದ ಕ್ರಮದಲ್ಲಿ, ಮರ್ಯಾದೆಯಿಂದ ಕಳಿಸಿಕೊಟ್ಟರೇ ಎಂಬುದರಿಂದಲೂ. ಹತ್ತು ವರ್ಷ ದುಡಿದವರ ಲಾಗಿನ್ ಅನ್ನು ಬೆಳಿಗ್ಗೆ ಒಂಬತ್ತಕ್ಕೆ ಕತ್ತರಿಸಿ ಬೀಳ್ಕೊಡುಗೆಯ ಎರಡು ಸಾಲು ಬರೆಯಲೂ ಬಿಡದಿದ್ದರೆ, ಉಳಿದವರು ಅದರಲ್ಲಿ ತಮ್ಮ ನಾಳೆಯನ್ನೇ ಕಾಣುತ್ತಾರೆ.

ಇಲ್ಲಿ ಲೀಡ್ ಆದವರು ಮಾಡಬಹುದಾದದ್ದು ಸಾಕಷ್ಟಿದೆ. ಹೋದವರಿಗೆ ನೀವೇ ಫೋನ್ ಮಾಡಿ ಮಾತಾಡಿ, ಅವರ ಕೆಲಸದ ಬಗ್ಗೆ ಶಿಫಾರಸು ಬರೆದುಕೊಡಿ, ರಿಲೀವಿಂಗ್ ಲೆಟರ್ ಮತ್ತು ಅಂತಿಮ ಲೆಕ್ಕ ತಡವಾದರೆ ಎಚ್‌ಆರ್ ಬೆನ್ನುಹತ್ತಿ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ ಕೆಲಸದಿಂದ ತೆಗೆದವರಿಗೂ ರಾಜೀನಾಮೆ ಕೊಟ್ಟವರಿಗೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಕಾಯಂ ನೌಕರರಾಗಿ ಐದು ವರ್ಷ ಪೂರೈಸಿದವರಿಗೆ ಗ್ರಾಚ್ಯುಟಿ ಸಲ್ಲಬೇಕು. ಕಂಪನಿಯ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ಮುಗಿಯುತ್ತದೆ; ಅದರಲ್ಲಿ ವಯಸ್ಸಾದ ತಂದೆತಾಯಿಯನ್ನು ಸೇರಿಸಿದ್ದವರು, ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಬೇಕೆಂಬುದನ್ನು ಅವರಿಗೆ ನೆನಪಿಸಿ. ಆ ಗಡಿಬಿಡಿಯಲ್ಲಿ ಇದು ಬಹಳ ಜನರಿಗೆ ಹೊಳೆಯುವುದಿಲ್ಲ.

ನಮ್ಮಲ್ಲಿ ಎಷ್ಟೋ ಕಡೆ ಲೇಆಫ್ ಅನ್ನು ಲೇಆಫ್ ಎಂದು ಕರೆಯದೆ, ಜನರ ಕೈಯಲ್ಲೇ ರಾಜೀನಾಮೆ ಬರೆಸಿಕೊಳ್ಳುವ ಪದ್ಧತಿಯಿದೆ. ಅದಕ್ಕೆ ಒಪ್ಪಿಸುವ ಕೆಲಸವನ್ನು ನಿಮಗೆ ಹಚ್ಚಿದರೆ, ಕಂಪನಿ ಕೊಡುವ ಶರತ್ತುಗಳನ್ನು ಬರಹದಲ್ಲಿ ತರಿಸಿಕೊಡಿ, ಸಹಿ ಹಾಕುವ ಮೊದಲು ಯೋಚಿಸಲು ಸಮಯ ಕೊಡಿ, ಬೆದರಿಕೆಯ ಒಂದು ಮಾತೂ ನಿಮ್ಮ ಬಾಯಿಂದ ಬಾರದಂತೆ ನೋಡಿಕೊಳ್ಳಿ. ಚೆನ್ನಾಗಿ ಕೆಲಸ ಮಾಡುತ್ತಿದ್ದವರನ್ನು ಪಟ್ಟಿಗೆ ಸೇರಿಸಲೆಂದೇ ಪಿಐಪಿಗೆ (ಕೆಲಸ ಸಾಲದೆಂದು ಹೇಳಿ, ಸುಧಾರಿಸಲು ಗಡುವು ಕೊಡುವ ಕ್ರಮ) ಹಾಕುವುದಕ್ಕೆ ಕೈಜೋಡಿಸಬೇಡಿ. ಕೆಲಸದ ಜೊತೆಗೆ ಅವರ ಹೆಸರನ್ನೂ ಕೆಡಿಸುವ ಅನ್ಯಾಯ ಅದು, ಮತ್ತು ಉಳಿದವರಿಗೆ ಅದು ಗೊತ್ತಾಗದೆ ಇರುವುದೂ ಇಲ್ಲ.

ಮೌನವನ್ನು ನೆಮ್ಮದಿ ಎಂದುಕೊಳ್ಳದಿರಿ

ಮೂರನೆಯ ಸುತ್ತಿನ ನಂತರ ತಂಡ ಮೊದಲಿಗಿಂತ ಶಿಸ್ತಾಗಿ ಕಾಣಬಹುದು. ವಾದವಿಲ್ಲ, ದೂರಿಲ್ಲ, ಎಲ್ಲರೂ ರಾತ್ರಿಯವರೆಗೆ ಆನ್‌ಲೈನ್. ಮೇಲಿನವರು ಇದನ್ನು ಉತ್ಪಾದಕತೆ ಎಂದು ಮೆಚ್ಚುವುದೂ ಉಂಟು. ಒಳಗೆ ನಡೆಯುತ್ತಿರುವುದೇ ಬೇರೆ: ತಪ್ಪು ಕಂಡರೂ ಹೇಳಿದರೆ ತಾನೇ ಕಣ್ಣಿಗೆ ಬೀಳುತ್ತೇನೆಂದು ಸುಮ್ಮನಿರುತ್ತಾರೆ, ಹೊಸದನ್ನು ಪ್ರಯತ್ನಿಸುವ ಗೋಜಿಗೆ ಹೋಗುವುದಿಲ್ಲ, ತಮಗೆ ತಿಳಿದಿರುವುದನ್ನು ಇನ್ನೊಬ್ಬರಿಗೆ ಕಲಿಸಿದರೆ ತಮ್ಮ ಅಗತ್ಯ ಮುಗಿಯಿತೆಂದು ಹೆದರಿ, ಕೆಲಸ ಇನ್ನೊಬ್ಬರಿಗೆ ವಹಿಸಿಕೊಡುವಾಗಿನ ಹ್ಯಾಂಡೊವರ್ ದಾಖಲೆಗಳನ್ನು ಅರೆಬರೆ ಬರೆಯುತ್ತಾರೆ. ಈ ಕೊನೆಯದು ಕಂಪನಿಗೆ ಎಲ್ಲಕ್ಕಿಂತ ದುಬಾರಿ. ಇದನ್ನು ಸರಿಪಡಿಸಲು ಉಪದೇಶ ಸಾಲದು. ಕಲಿಸಿದ್ದನ್ನು, ದಾಖಲೆ ಬರೆದದ್ದನ್ನು, ಅಪಾಯವನ್ನು ಮೊದಲೇ ಎತ್ತಿ ತೋರಿಸಿದ್ದನ್ನು ಅಪ್ರೈಸಲ್‌ನಲ್ಲಿ ಹೆಸರು ಹಿಡಿದು ಬರೆಯಿರಿ, ಬರೆದಿದ್ದೇನೆಂದು ಅವರಿಗೆ ತೋರಿಸಿ.

ವಾರಕ್ಕೊಮ್ಮೆ ಒಬ್ಬೊಬ್ಬರೊಡನೆ ನಡೆಸುವ ಮಾತುಕತೆಯಲ್ಲಿ ಮೊದಲ ಹತ್ತು ನಿಮಿಷ ಕೆಲಸದ ವಿಷಯ ಎತ್ತಬೇಡಿ. ಹಾಸನದಿಂದಲೋ ಕಲಬುರಗಿಯಿಂದಲೋ ಬಂದು ಇಲ್ಲಿ ಬಾಡಿಗೆ ಕಟ್ಟುತ್ತಾ ಊರಿಗೂ ಹಣ ಕಳಿಸುವ ಹುಡುಗ, ಲೇಆಫ್ ಸುದ್ದಿಯನ್ನು ಟಿವಿಯಲ್ಲಿ ನೋಡಿ ದಿನವೂ ಫೋನ್ ಮಾಡುವ ಅಮ್ಮನಿಗೆ ಏನು ಹೇಳಬೇಕೆಂದು ತೋಚದೆ ಒದ್ದಾಡುತ್ತಿರಬಹುದು. ಇಎಂಐ ಇರುವವರ ನಿದ್ದೆ ಕೆಟ್ಟಿರುತ್ತದೆ. ಮಾತಿನಲ್ಲಿ ಹತಾಶೆ ಹೆಚ್ಚಾಗಿ ಕಂಡರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರ ಬಗ್ಗೆ ತಿಳಿಸಿ. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೂ ಮಾತಾಡಬಹುದು. ಬೇರೆ ಕೆಲಸ ಹುಡುಕುತ್ತಿರುವವರನ್ನು ದ್ರೋಹಿಗಳಂತೆ ಕಾಣಬೇಡಿ. ಟ್ರೆವರ್ ಮತ್ತು ನೈಬರ್ಗ್ ಎಂಬ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಿಬ್ಬಂದಿ ಕಡಿತ ಮಾಡಿದ ಕಂಪನಿಗಳಲ್ಲಿ ತಾವಾಗಿ ಬಿಟ್ಟುಹೋಗುವವರ ಪ್ರಮಾಣ ಹೆಚ್ಚುವುದನ್ನು ತೋರಿಸಿದ್ದಾರೆ. ಹೊರಗೆ ಬೇಗ ಕೆಲಸ ಸಿಗುವುದು ನಿಪುಣರಿಗಾದ್ದರಿಂದ ಮೊದಲು ಕಾಲು ಕೀಳುವವರೂ ಅವರೇ.

ಈ ನಷ್ಟವನ್ನು ಮೇಲಿನವರಿಗೆ ಅವರದೇ ಭಾಷೆಯಲ್ಲಿ ಮುಟ್ಟಿಸಿ. ಪ್ರತಿ ತಿಂಗಳೂ ಒಂದು ಪುಟದ ಟಿಪ್ಪಣಿ ಸಾಕು: ಈ ತಿಂಗಳು ಎಷ್ಟು ಜನ ತಾವಾಗಿ ರಾಜೀನಾಮೆ ಕೊಟ್ಟರು, ಯಾವ ವ್ಯವಸ್ಥೆಯನ್ನು ಬಲ್ಲವರು ಈಗ ಒಬ್ಬರೇ ಉಳಿದಿದ್ದಾರೆ, ಎಷ್ಟು ರಾತ್ರಿ ಫೋನ್ ಬಂತು, ಎಷ್ಟು ರಜೆಗಳು ರದ್ದಾದವು, ಯಾವ ಗ್ರಾಹಕರ ಕೆಲಸ ಎಷ್ಟು ತಡವಾಯಿತು. ಇನ್ನೊಂದು ಸುತ್ತು ಅನಿವಾರ್ಯ ಎಂದು ಅವರು ಹೇಳಿದರೆ, ಚೂರುಚೂರಾಗಿ ಮಾಡದೆ ಒಂದೇ ಸಲಕ್ಕೆ ಮುಗಿಸಿ, ಆಯ್ಕೆಯ ಮಾನದಂಡವನ್ನು ಮುಂಚಿತವಾಗಿ ಬಹಿರಂಗಪಡಿಸಬೇಕೆಂದು ಅದೇ ಟಿಪ್ಪಣಿಯಲ್ಲಿ ಕೇಳಿ, ಅದರ ಪ್ರತಿಯನ್ನು ಎಚ್‌ಆರ್ ವಿಭಾಗಕ್ಕೂ ಕಳಿಸಿ.